ಒದ್ದೆ ಸೊಪ್ಪು

ನನ್ನ ಮೊಮ್ಮಗಳು ಹಸಿರಿಗೆ ಬಂದಳು. ಇದನ್ನು ಮೊದಲು ಹೇಳಿಬಿಡುತ್ತೇನೆ, ಮಿಕ್ಕಿದ್ದೆಲ್ಲ ಆಮೇಲೆ. ಇವತ್ತು ಬೆಳಿಗ್ಗೆ ಅಂಗನವಾಡಿಯ ಟೀಚರಮ್ಮ ನಮ್ಮ ಗೌರಿಯನ್ನು ಬಟ್ಟೆಯ ಜೋಲಿಯಲ್ಲಿ ಕೂರಿಸಿ ತಕ್ಕಡಿಯ ಕೊಕ್ಕೆಗೆ ನೇತುಹಾಕಿದರು. ಅವಳು ಕಾಲು ಝಾಡಿಸಿದ್ದಕ್ಕೆ ಮುಳ್ಳು ಆ ಕಡೆ ಈ ಕಡೆ ಕುಣಿಯಿತು. ಟೀಚರಮ್ಮ ಬಳೆ ಗಲಗಲ ಅನ್ನಿಸಿ ಅವಳನ್ನು ಸುಮ್ಮನಾಗಿಸಿ ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೊಂದು ಸಲ ನೋಡಿದರು. ತಾಯಿ ಕಾರ್ಡಿನಲ್ಲಿ ಕೆಂಪು, ಹಳದಿ, ಹಸಿರು ಅಂತ ಮೂರು ಪಟ್ಟಿಗಳಿರುತ್ತವೆ. ಮಗುವಿನ ತೂಕ ಯಾವ ಪಟ್ಟಿಗೆ ಬೀಳುತ್ತದೋ ಅಲ್ಲಿ ಪೆನ್ನಿನಲ್ಲಿ ಒಂದು ಚುಕ್ಕೆ ಇಡುತ್ತಾರೆ. ಹೋದ ಮಳೆಗಾಲದಲ್ಲಿ ಗೌರಿಯ ಚುಕ್ಕೆ ಕೆಂಪಿನ ತಳದಲ್ಲಿತ್ತು. ಆಮೇಲೆ ತಿಂಗಳು ತಿಂಗಳೂ ಇರುವೆ ಗೋಡೆ ಹತ್ತಿದ ಹಾಗೆ ಹತ್ತಿ, ಹಳದಿಯಲ್ಲಿ ಎರಡು ತಿಂಗಳು ನಿಂತು, ಇವತ್ತು ಹಸಿರಿಗೆ ಕಾಲಿಟ್ಟಿತು.

“ಸಿದ್ದಮ್ನೋರೆ, ಇಲ್ಲಿ ನೋಡಿ. ಅಸ್ರು!”

“ದಿಟವಾ ಟೀಚರಮ್ಮ? ಇನ್ನೊಂದ್ಸಲ ತೂಗ್ಬುಡಿ.”

“ಮೂರ್ ಸಲ ತೂಗಾಯ್ತು. ಇನ್ನೂ ತೂಗುದ್ರೆ ಅಳ್ತಾ ಅಳ್ತಾ ಇಳ್ದೋದಾಳು, ಕರ್ಕಂಡೋಗಿ.”

ಮಗುವನ್ನು ಸೊಂಟಕ್ಕೆ ಹಾಕಿಕೊಂಡು ಬೀದಿಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿದೆ. ಹೂ ಮಾರುವವಳಿಗೆ ಹೇಳಿದೆ, ಸಿಲಿಂಡರ್ ಇಳಿಸುತ್ತಿದ್ದವನಿಗೆ ಹೇಳಿದೆ, ನಮ್ಮವರಲ್ಲದ ಯಾರೋ ಒಬ್ಬರು ಬಸ್ಸಿಗೆ ಕಾಯುತ್ತಿದ್ದರು, ಅವರಿಗೂ ಹೇಳಿದೆ. ಅವರು “ಸಂತೋಷ ಕಣಮ್ಮ” ಅಂದು ಎರಡು ಹೆಜ್ಜೆ ಆ ಕಡೆ ಸರಿದರು. ಪಕ್ಕದ ಮನೆಯ ರಾಚಮ್ಮ ಹೊಸಿಲ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಹೋದ ವರ್ಷ ಇದೇ ಹೊಸಿಲಲ್ಲಿ ಕೂತು “ಅದು ಉಳಿಯಾ ಕೂಸಲ್ಲ ಬುಡು” ಅಂದಿದ್ದವಳು ಅವಳೇ.

“ಅಲ್ಲ ಕಣಮ್ಮಿ, ಮಾವಿನ್ಕಾಯಿ ಅಸ್ರಿಂದ ಕೆಂಪ್ಗ ಓಯ್ತದ. ನಿನ್ನ ಮೊಮ್ಮಗ್ಳು ಕೆಂಪಿಂದ ಅಸ್ರಿಗೆ ಬಂದವ್ಳಲ್ಲ, ಇದ್ಯಾವ ತಳಿ?”

“ನನ್ ತಳಿ ಕಣಾ,” ಅಂದೆ. ಅವಳು ಒಂದು ಹಿಡಿ ಅವರೆಕಾಳು ತೆಗೆದು ಗೌರಿಯ ಲಂಗದೊಳಗೆ ಹಾಕಿದಳು.

ಮಗ ನಂಜುಂಡನಿಗೆ ಫೋನು ಮಾಡಿ ಹೇಳಿ, ಸೊಸೆ ಸೆಲ್ವಿಗೂ ಮಾಡಿ ಹೇಳಿ, ಒಳಗೆ ಬಂದು ಕುಳಿತೆ. ಕಾರ್ಡು ಮಡಿಲಲ್ಲಿತ್ತು. ಬಾಯಿ ಇನ್ನೂ ನಗುತ್ತಲೇ ಇತ್ತು. ಎದೆಯಲ್ಲಿ ಮಾತ್ರ ಏನೂ ಇರಲಿಲ್ಲ. ರೇಷ್ಮೆ ಗೂಡು ಬೇಯುವ ನೀರಿನಲ್ಲಿ ಕೈಯಿಟ್ಟು ಕೆಲಸ ಮಾಡಿದವರಿಗೆ ಗೊತ್ತು, ಸ್ವಲ್ಪ ಹೊತ್ತಾದ ಮೇಲೆ ಕೈ ಬಿಸಿ ಅಂತಲೂ ಹೇಳುವುದಿಲ್ಲ, ತಣ್ಣಗೆ ಅಂತಲೂ ಹೇಳುವುದಿಲ್ಲ. ಹಾಗೆ. ನನಗೆ ಈ ಮರಗಟ್ಟುವಿಕೆ ಹೊಸದಲ್ಲ. ಅದು ಯಾವ ಮನೆಯಿಂದ, ಯಾವ ಗೋಡೆಯ ಪಕ್ಕದಿಂದ ನನ್ನ ಜೊತೆ ಬಂತು ಅನ್ನುವುದೂ ಗೊತ್ತು. ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು ನಾನು. ಸೆಲ್ವಿ ತಂದುಕೊಟ್ಟ ನೋಟ್‌ಬುಕ್ಕಿನಲ್ಲಿ ಇಷ್ಟು ದಿನ ಮದುವೆಯದು, ಕೆಲಸದ್ದು, ಯಜಮಾನರು ಹೋದದ್ದು ಎಲ್ಲ ಬರೆದೆ. ಆ ಮನೆಯದನ್ನು ಬಿಟ್ಟಿದ್ದೆ.

ಕೊಳ್ಳೇಗಾಲದಲ್ಲಿ ನೂಲು ತೆಗೆಯುವ ಒಂದು ಕಾರ್ಖಾನೆಯ ಬೆನ್ನಿಗೆ ಆರು ಮನೆಗಳು ಸಾಲಾಗಿ ಅಂಟಿಕೊಂಡಿದ್ದವು. ಮನೆ ಎಂದರೆ ಒಂದು ಕೋಣೆ. ಅದರಲ್ಲೇ ಒಲೆ, ಅದರಲ್ಲೇ ಹಾಸಿಗೆ, ಮೂಲೆಯಲ್ಲಿ ಪಾತ್ರೆ ತೊಳೆಯಲು ಒಂದು ಕಲ್ಲು. ನಮ್ಮದು ಕೊನೆಯ ಮನೆ. ಅದರ ಹಿಂಗೋಡೆಯ ಆಚೆಗೇ ಗೂಡು ಬೇಯಿಸುವ ಒಲೆಗಳಿದ್ದುದರಿಂದ ಆ ಗೋಡೆ ಹಗಲೆಲ್ಲ ಬೆಚ್ಚಗಿರುತ್ತಿತ್ತು. ಮಳೆಗಾಲದಲ್ಲಿ ಬೇರೆ ಮನೆಯವರೂ ಬಟ್ಟೆ ಒಣಗಿಸಲು ನಮ್ಮಲ್ಲಿಗೆ ಬರುತ್ತಿದ್ದರು. ಬೆಂದ ಹುಳದ ವಾಸನೆ ಗೋಡೆಯಲ್ಲಿ, ಬಟ್ಟೆಯಲ್ಲಿ, ಅನ್ನದಲ್ಲಿ ಇತ್ತು. ಅದು ವಾಸನೆ ಅನ್ನುವುದೇ ನನಗೆ ಮದುವೆಯಾಗಿ ಬೇರೆ ಬೀದಿಗೆ ಬಂದ ಮೇಲೆ ತಿಳಿದದ್ದು. ಬಾಗಿಲ ಮುಂದೆ ಚರಂಡಿ. ಕಾರ್ಖಾನೆಯ ಹಳದಿ ನೀರು ಹಬೆಯಾಡುತ್ತಾ ಹರಿಯುತ್ತಿತ್ತು. ಚಳಿಗಾಲದ ಬೆಳಿಗ್ಗೆ ನಾವು ಮಕ್ಕಳೆಲ್ಲ ಅದರಲ್ಲಿ ಕಾಲು ಇಳಿಬಿಟ್ಟು ಕೂತು ಸುಖಪಡುತ್ತಿದ್ದೆವು. ನಲ್ಲಿ ಅದರ ಪಕ್ಕದಲ್ಲೇ ಇತ್ತು. ನೀರು ಮೇಲಕ್ಕೆ ಏರುವುದಿಲ್ಲ ಅಂತ ಗುಂಡಿ ತೋಡಿ ನಲ್ಲಿಯನ್ನು ತಗ್ಗಿಗೆ ಇಳಿಸಿದ್ದರು. ಜೋರು ಮಳೆ ಬಂದರೆ ಚರಂಡಿ ಉಕ್ಕಿ ಗುಂಡಿ ತುಂಬುತ್ತಿತ್ತು. ನಾವು ಮೊದಲು ಗುಂಡಿಯ ನೀರನ್ನು ಚೊಂಬಿನಿಂದ ಎತ್ತಿ ಹೊರಗೆ ಚೆಲ್ಲಿ, ನಲ್ಲಿಯ ಬಾಯಿ ಕಾಣಿಸಿದ ಕೂಡಲೇ ಕೊಡ ಹಿಡಿಯುತ್ತಿದ್ದೆವು. ಅದೇ ಕುಡಿಯುವ ನೀರು.

ಆರು ಮನೆಯಲ್ಲೂ ಹೋದ ಮಕ್ಕಳಿದ್ದವು. ಹೊಸಬರು ಯಾರಾದರೂ ಮಕ್ಕಳೆಷ್ಟು ಅಂತ ಕೇಳಿದರೆ ಹೆಂಗಸರು “ಇರವು ಎರಡು, ಓದವು ಎರಡು” ಎಂದು ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ನಮ್ಮ ಅವ್ವನ ಲೆಕ್ಕವೂ ಅದೇ. ಇದ್ದವರು ನಾನು ಮತ್ತು ತಮ್ಮ ಮಾದೇವ. ಹೋದವರಲ್ಲಿ ಒಬ್ಬ ನನಗಿಂತ ಮೊದಲಿನವನು, ಅವನ ಹೆಸರು ಯಾರೂ ಎತ್ತುತ್ತಿರಲಿಲ್ಲ. ಇನ್ನೊಬ್ಬಳು ನನ್ನ ಬೆನ್ನಿಗೆ ಹುಟ್ಟಿದವಳು, ದಡಾರ ಎದ್ದು ಹೋದಳು. ಅವಳದು ನನಗೆ ನೆನಪಿರುವುದು ಇಷ್ಟೇ: ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದ್ದರು, ಮನೆಯಲ್ಲಿ ಒಗ್ಗರಣೆ ಹಾಕುತ್ತಿರಲಿಲ್ಲ, ಒಂದು ದಿನ ಸೊಪ್ಪು ತೆಗೆದರು, ಒಗ್ಗರಣೆಯ ವಾಸನೆ ಬಂತು, ನನಗೆ ಹಸಿವಾಯಿತು.

ಅವ್ವ ಕಾರ್ಖಾನೆಯಲ್ಲಿ ಬಿಸಿನೀರಿನ ಬೇಸಿನ್ನಿನ ಮುಂದೆ ಕೂತು ಗೂಡಿನಿಂದ ಎಳೆ ಹಿಡಿಯುತ್ತಿದ್ದಳು. ಅಪ್ಪ ಗೂಡಿನ ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಿದ್ದ. ಅವ್ವನ ಬೆರಳ ತುದಿಗಳು ಬೆಂದು ಬೆಳ್ಳಗೆ ಸುಲಿದುಕೊಂಡಿರುತ್ತಿದ್ದವು. ಬಿಸಿ ರಾಗಿ ಮುದ್ದೆ, ನಾವು ಇಟ್ಟು ಅನ್ನುತ್ತೇವೆ, ಅದನ್ನು ಮುಟ್ಟಿದರೆ ಅವಳಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಅದಕ್ಕೇ ಏಳು ವರ್ಷಕ್ಕೆಲ್ಲ ಇಟ್ಟು ಕಟ್ಟುವುದು ನನ್ನ ಕೆಲಸವಾಯಿತು. ಮೊದಲ ಇಟ್ಟು ಅಪ್ಪನಿಗೆ, ಮೂಟೆ ಹೊರುವವನು ಅಂತ. ಎರಡನೆಯದು ಅವ್ವನಿಗೆ. ಪಾತ್ರೆಯ ತಳ ಕೆರೆದದ್ದು ನನಗೆ. ಮಾದೇವನಿಗೆ ಹಲ್ಲು ಪೂರ್ತಿ ಬಂದಿಲ್ಲ, ಅವನಿಗೆ ಯಾಕೆ ಇಟ್ಟು ಅಂತ ಬೆಳಿಗ್ಗೆ ಸಂಜೆ ಟೀಯಲ್ಲಿ ಬನ್ನು ಅದ್ದಿ ಕೊಡುತ್ತಿದ್ದೆವು. ಟೀ ಕುಡಿದರೆ ಅವನು ಅಳುತ್ತಿರಲಿಲ್ಲ. ಅದೇ ದೊಡ್ಡ ಗುಣ ಅಂದುಕೊಂಡಿದ್ದೆವು.

ಅವನಿಗೆ ಒಂದೂವರೆ ವರ್ಷ, ಇನ್ನೂ ನಡೆಯುತ್ತಿರಲಿಲ್ಲ. ನನ್ನ ಸೊಂಟವೇ ಅವನ ಊರು. ಕೈಕಾಲು ಸಣ್ಣ, ಹೊಟ್ಟೆ ಮುಂದಕ್ಕೆ, ತಲೆಗೂದಲು ಮುಸುಕಿನ ಜೋಳದ ಎಳೆಯ ಹಾಗೆ ಕೆಂಚು. ಪಕ್ಕದ ಮನೆಯ ಪುಟ್ಟತಾಯಮ್ಮ ಆ ಕೂದಲು ಸವರಿ “ಬಿಳೀ ದೊರೆ ಮಗ ಇದ್ದಂಗವ್ನೆ ಕಣವ್ವ” ಅನ್ನುತ್ತಿದ್ದಳು. ನಮಗೆಲ್ಲ ಹೆಮ್ಮೆ. ಆ ಮಳೆಗಾಲಕ್ಕೆ ಮುಂಚೆ ಅವನ ಪಾದ, ಕೆನ್ನೆ ಊದಿಕೊಂಡವು. ಬೆರಳಲ್ಲಿ ಒತ್ತಿದರೆ ಗುಳಿ ಹಾಗೇ ನಿಲ್ಲುತ್ತಿತ್ತು. ನಾನು ಅದನ್ನೇ ಆಟ ಮಾಡಿಕೊಂಡು ಒತ್ತಿ ಒತ್ತಿ ನೋಡುತ್ತಿದ್ದೆ. “ಈಗ ಮೈ ತುಂಬ್ಕಂಡ ನೋಡು” ಅಂತ ಅವ್ವ ಖುಷಿಪಟ್ಟು ದೃಷ್ಟಿ ತೆಗೆದಳು. ನಲವತ್ತೈದು ವರ್ಷ ಆದ ಮೇಲೆ ಆಸ್ಪತ್ರೆಯ ಗೋಡೆಯಲ್ಲಿ ಒಂದು ಚಿತ್ರ ನೋಡಿದೆ. ಕೆಂಚು ಕೂದಲು, ಊದಿದ ಪಾದ, ಮುಂದೆ ಬಂದ ಹೊಟ್ಟೆ. ಕೆಳಗೆ ಬರೆದದ್ದನ್ನು ಕೂಡಿಸಿ ಕೂಡಿಸಿ ಓದಿದೆ. ಹಸಿವಿನ ಕಾಯಿಲೆ ಅಂತಿತ್ತು. ನಾವು ಅದಕ್ಕೆ ದೃಷ್ಟಿ ತೆಗೆದಿದ್ದೆವು.

ಅಪ್ಪ ಹನೂರು ಕಡೆಯವನು. ಬೆಟ್ಟದ ಬುಡದ ಒಣಭೂಮಿ. ಕೊಡ ನೀರಿಗೆ ಮೈಲಿ ನಡೆದವರು, ಅವನ ಕಡೆಯವರಿಗೆ ನೀರೆಂದರೆ ದೇವರು. ಅವ್ವ ಯಳಂದೂರಿನ ಪಕ್ಕದ ಹಳ್ಳಿಯವಳು, ಹೊಳೆ ಕಾಲುವೆ ನೋಡಿ ಬೆಳೆದವಳು. ಅವಳ ತವರಿನಲ್ಲಿ ರೇಷ್ಮೆ ಹುಳ ಸಾಕುತ್ತಿದ್ದರು. ಹುಳ ಸಾಕುವ ಮನೆಯವರಿಗೆ ನೀರೆಂದರೆ ಭಯ. ಹಿಪ್ಪುನೇರಳೆ ಸೊಪ್ಪಿನ ಮೇಲೆ ಮಳೆಹನಿ ಕೂತಿದ್ದು, ಹಾಗೇ ಹುಳಕ್ಕೆ ಹಾಕಿದರೆ ಹುಳ ಭೇದಿ ಮಾಡಿಕೊಂಡು, ಮೆತ್ತಗಾಗಿ, ಬೆಳಗಾಗುವುದರೊಳಗೆ ಸಾಕುವ ತಟ್ಟೆಗೆ ತಟ್ಟೆಯೇ ಕಪ್ಪಾಗಿ ಮಲಗಿಬಿಡುತ್ತವೆ. ಅದಕ್ಕೇ ಮಳೆಗಾಲದಲ್ಲಿ ಮನೆಮಂದಿಯೆಲ್ಲ ಕೂತು ಒಂದೊಂದು ಸೊಪ್ಪನ್ನೂ ಬಟ್ಟೆಯಲ್ಲಿ ಒರೆಸುತ್ತಿದ್ದರು. ಅವ್ವ ಹುಡುಗಿಯಾಗಿದ್ದಾಗ ಒರೆಸಿದ ಸೊಪ್ಪು ಎಷ್ಟು ಬುಟ್ಟಿಯೋ. ಹುಳಕ್ಕೆ ರೋಗ ತಗುಲಿತು ಅಂದರೆ ಮೊದಲು ಸುಣ್ಣದ ಪುಡಿ ಚೆಲ್ಲಿ ತಟ್ಟೆ ಒಣಗಿಸಬೇಕು, ಸೊಪ್ಪು ಕಡಿಮೆ ಮಾಡಬೇಕು, ತೇವ ಸೋಕಿಸಬಾರದು. “ನಮ್ಮಪ್ಪನ್ ಕೈಯಲ್ಲಿ ಒಂದು ತಟ್ಟೆ ಕೆಟ್ಟಿದ್ದಿಲ್ಲ” ಅನ್ನುವುದು ಅವಳ ಮಾತು. ಅದು ಸುಳ್ಳಲ್ಲ. ನಮ್ಮ ಸಾಲಿನಲ್ಲಿ ಹುಳದ ವಿಷಯಕ್ಕೆ ಅವಳು ಹೇಳಿದ್ದೇ ಕೊನೆ. ಮಕ್ಕಳ ವಿಷಯಕ್ಕೂ ಹಾಗೇ ಆಯಿತು.

ಆ ಮಳೆಗೆ ಗುಂಡಿ ಎರಡು ದಿನ ತುಂಬಿಕೊಂಡೇ ಇತ್ತು. ಮೂರನೇ ದಿನ ಸಾಲಿನ ಮಕ್ಕಳಿಗೆಲ್ಲ ಭೇದಿ ಶುರುವಾಯಿತು. ಮಾದೇವನಿಗೂ ಆಯಿತು. ಅನ್ನದ ಗಂಜಿಯ ಹಾಗೆ ಬೆಳ್ಳಗೆ ಹೋಗುತ್ತಿತ್ತು. ನಾನು ಬಟ್ಟೆ ಬದಲಿಸಿ ಬದಲಿಸಿ ಸಾಕಾಗಿ, ಕೊನೆಗೆ ಬರೀ ಗೋಣಿತಾಟಿನ ಮೇಲೆ ಮಲಗಿಸಿದೆ. ಅವ್ವ ಕೆಲಸದಿಂದ ಬಂದವಳು ನೋಡಿ, ನೀರಿನ ಮಡಕೆ ಎತ್ತಿ ಕಲ್ಲುಚಪ್ಪಡಿಯ ಮೇಲೆ, ಅವನ ಕೈಗೆ ಸಿಗದ ಹಾಗೆ ಇಟ್ಟಳು. ಅವನನ್ನು ತಂದು ಬೆಚ್ಚಗಿನ ಗೋಡೆಗೆ ಒತ್ತಿ ಕೂರಿಸಿದಳು.

“ಸಿದ್ದಿ, ಇವ್ನಿಗ ನೀರ್ ಕೊಡಬ್ಯಾಡ ಕಣಮ್ಮಿ. ಒಳಗಿರ ನೀರೇ ಇಂಗ್ ಓಯ್ತಾ ಅದ. ಮೇಲಿಂದ ಉಯ್ದ್ರೆ ಅದೂ ಓಯ್ತದ. ಒಣಗ್ಲಿ. ಒಣಗುದ್ರೆ ಒಟ್ಟೆ ಕಟ್ಕತದ.”

ಅಪ್ಪ ಬಾಗಿಲಲ್ಲಿ ಕೂತು ಬೀಡಿ ಹಚ್ಚುತ್ತಿದ್ದವನು ಕೈ ಹಾಗೇ ನಿಲ್ಲಿಸಿದ.

“ಅಲ್ಲ ಕಣಮ್ಮಿ, ಕೂಸು ನಾಲ್ಗ ಚಾಚ್ತಾ ಅದ. ಒಂದ್ ಗುಟ್ಕು ಬುಡು.”

“ನಿಮ್ಮೂರಲ್ಲಿ ನೀರ್ ಕಂಡೋರ್ಯಾರು, ಸುಮ್ಕಿರಿ. ಒದ್ದೆ ಸೊಪ್ಪ ತಿಂದ್ ಉಳ ಉಳ್ದದ್ದು ನೋಡಿದ್ದರಾ ನೀವು?”

“ಅದು ಉಳ. ಇವ ಮಗ.”

“ಒಟ್ಟೆ ಒಟ್ಟೇನೇ. ಉಳ ಗೆದ್ದ ಮನೆ ಮಗ್ಳು ನಾನು. ನಿಮ್ಮವ್ವ ಎಷ್ಟ್ ಮಕ್ಕಳ ಉಳಿಸ್ಕಂಡ್ಲು ಏಳಿ ನೋಡವಾ.”

ಅಪ್ಪನ ಅವ್ವ ಹೆತ್ತದ್ದು ಎಂಟು, ಉಳಿದದ್ದು ಇವನೊಬ್ಬ. ಅವನು ಬೀಡಿ ಹಚ್ಚಿಕೊಂಡ. ಅವ್ವ ಕೆಟ್ಟವಳಾಗಿದ್ದರೆ ನನಗೆ ಇದನ್ನು ಬರೆಯುವುದು ಸುಲಭವಾಗುತ್ತಿತ್ತು. ಅವಳು ಅವತ್ತು ರಾತ್ರಿಯೆಲ್ಲ ಅವನನ್ನು ಮಡಿಲಲ್ಲಿ ಇಟ್ಟುಕೊಂಡು, ಸುಲಿದ ಬೆರಳುಗಳಿಂದ ಅವನ ಹೊಟ್ಟೆ ಸವರುತ್ತಾ ಕೂತಿದ್ದಳು. ಬೆಳಿಗ್ಗೆ ಸೈರನ್ ಕೂಗಿತು, ಎದ್ದು ಹೋದಳು. ಒಂದು ದಿನ ತಪ್ಪಿಸಿದರೆ ಬೇಸಿನ್ನು ಬೇರೆಯವರದಾಗುತ್ತಿತ್ತು.

ಹಾಗೆ ಎರಡು ದಿನ ಅವನ ಕಾವಲು ನನ್ನದಾಯಿತು. ಅವನಿಗೆ ಮಾತು ಬರುತ್ತಿದ್ದದ್ದು ಮೂರೋ ನಾಲ್ಕೋ. ಅದರಲ್ಲಿ ಒಂದು “ನೀಯಿ”. ಮೊದಲ ದಿನ ಮಡಕೆ ತೋರಿಸಿ ನೀಯಿ, ನೀಯಿ ಅಂತ ಕೂಗಿದ. ಮಾರನೇ ದಿನ ಕೂಗು ನಿಂತಿತು, ಮಡಕೆಯನ್ನು ನೋಡುವುದು ನಿಲ್ಲಲಿಲ್ಲ. ನಾನು ಮಡಕೆಗೆ ಅವ್ವನ ಹಳೇ ಸೀರೆ ಮುಚ್ಚಿದೆ. ನನಗೆ ಬಾಯಾರಿದರೆ ಹೊರಗೆ ಹೋಗಿ ಕುಡಿದು, ಬಾಯಿ ಚೆನ್ನಾಗಿ ಒರೆಸಿಕೊಂಡು ಒಳಗೆ ಬರುತ್ತಿದ್ದೆ.

ಆ ಮಧ್ಯಾಹ್ನ ಮಳೆ ಹನಿಯುತ್ತಿತ್ತು. ಗುಂಡಿಗೆ ಇಳಿದು ಕೊಡ ಎತ್ತುವಾಗ ಲಂಗದ ಅಂಚೆಲ್ಲ ನೆನೆಯಿತು. ಒಳಗೆ ಬಂದು ಅವನ ಪಕ್ಕ, ಬೆಚ್ಚಗಿನ ಗೋಡೆಗೆ ಬೆನ್ನು ಕೊಟ್ಟು ಕೂತೆ. ಅವನ ಕಣ್ಣುಗಳು ಗುಳಿ ಬಿದ್ದಿದ್ದವು. ಕೆನ್ನೆಯ ಊತ ಎಲ್ಲಿ ಹೋಯಿತೋ, ಮುಖ ಮುದುಕನದ್ದಾಗಿತ್ತು. ಅವನು ಮೆಲ್ಲಗೆ ನನ್ನ ಕಡೆ ಬಾಗಿದ. ಮಲಗುತ್ತಾನೆ ಅಂದುಕೊಂಡೆ. ಅವನು ನನ್ನ ಲಂಗದ ಒದ್ದೆ ಅಂಚನ್ನು ಬಾಯಿಗೆ ತೆಗೆದುಕೊಂಡು ಚೀಪತೊಡಗಿದ. ಸದ್ದು ಮಾಡಲಿಲ್ಲ. ಕಣ್ಣು ಮೇಲೆತ್ತಿ ನನ್ನನ್ನೇ ನೋಡುತ್ತಿದ್ದ. ನಾನು ಎಳೆದುಕೊಂಡೆ. ಅವನ ಒಸಡಿಗೆ ಸಿಕ್ಕಿಕೊಂಡಿತ್ತು, ಬೆರಳು ಹಾಕಿ ಬಿಡಿಸಿದೆ. ಲಂಗವನ್ನು ಬಾಗಿಲಾಚೆ ಹಿಂಡಿ, ಅವನಿಗೆ ಎಟುಕದ ಹಾಗೆ ದೂರ ಕೂತೆ. ಸಂಜೆ ಅವ್ವ ಬಂದು ಕೇಳಿದಳು.

“ನೀರ್ ಗೀರ್ ಕೊಟ್ಟಿಯಾ?”

“ಒಂದ್ ತೊಟ್ಟೂ ಇಲ್ಲ ಕಣವ್ವ.”

“ಜಾಣೆ.”

ಆ ಸಂಜೆಯೇ ಅವನ ಕತ್ತು ನಿಲ್ಲದಂತಾಯಿತು. ಅಪ್ಪ ಹೆಗಲಿಗೆ ಹಾಕಿಕೊಂಡು ಮುಂದೆ ಓಡಿದ, ಅವ್ವ ಹಿಂದೆ, ಅವಳ ಸೆರಗು ಹಿಡಿದು ನಾನು. ಆಸ್ಪತ್ರೆಯಲ್ಲಿ ಬಿಳೀ ಸೀರೆಯ ಸಿಸ್ಟರಮ್ಮ ಒಬ್ಬರು ಅವನ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಬಿಟ್ಟರು. ಅದು ಎತ್ತಿದ ಹಾಗೇ ನಿಂತಿತ್ತು, ನಾನು ನೋಡಿದೆ. ಡಾಕ್ಟರು ಬಂದು ಕೈಗೆ, ಕಾಲಿಗೆ, ತಲೆಗೆ ಸೂಜಿ ಚುಚ್ಚಿ ನರ ಹುಡುಕಿದರು. ಸಿಗಲಿಲ್ಲ. ಸಿಸ್ಟರಮ್ಮ ಪುಸ್ತಕ ತೆಗೆದು ಕೇಳುತ್ತಾ ಬರೆದುಕೊಳ್ಳುತ್ತಿದ್ದರು.

“ಎಷ್ಟು ದಿವಸದಿಂದಮ್ಮ? ನೀರು ಕುಡಿಸ್ತಾ ಇದ್ರಾ?”

“ಇಲ್ಲ ಸಿಸ್ಟರಮ್ಮ,” ಅಂದಳು ಅವ್ವ. ಆ ದನಿ ನನಗೆ ಈಗಲೂ ಕೇಳುತ್ತದೆ. ಎಲ್ಲವನ್ನೂ ಸರಿಯಾಗಿ ಮಾಡಿದವಳ ದನಿ. “ಒಂದ್ ತೊಟ್ಟು ಸೋಕ್ಸಿಲ್ಲ. ನನ್ ಮಗ್ಳ ಬೇಕಾರ ಕೇಳಿ.”

ಸಿಸ್ಟರಮ್ಮ ನನ್ನ ಕಡೆ ನೋಡಿದರು. ನಾನು ಹೌದು ಅಂತ ತಲೆಯಾಡಿಸಿದೆ. ಅವರು ಬೈಯಲಿಲ್ಲ. ಪೆನ್ನಿನ ಮುಚ್ಚಳ ಹಾಕಿದರು.

“ಕೊಡಬೇಕಿತ್ತು ಕಣಮ್ಮ,” ಅಂದರು. ಅಷ್ಟೇ.

ಅವ್ವನಿಗೆ ಅದು ಅರ್ಥವಾಗಲು ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ. ನನಗೆ ಆ ಕ್ಷಣಕ್ಕೇ ಆಯಿತು. ಲಂಗ ಇನ್ನೂ ಪೂರ್ತಿ ಒಣಗಿರಲಿಲ್ಲ. ಕಾಲಿಗೆ ತಣ್ಣಗೆ ತಾಗುತ್ತಿತ್ತು. ಆಮೇಲೆ ತಾಗುವುದು ನಿಂತಿತು. ಕಾಲೂ ಇಲ್ಲ, ಲಂಗವೂ ಇಲ್ಲ, ಯಾರೋ ನನ್ನನ್ನು ಆ ಬೆಂಚಿನ ಮೇಲೆ ಇಟ್ಟು ಹೋದ ಹಾಗೆ ಕೂತಿದ್ದೆ. ಅವನನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟಾಗಲೂ ನನಗೆ ಅಳು ಬರಲಿಲ್ಲ. ಅವ್ವನಿಗೂ ಬರಲಿಲ್ಲ. ಅಪ್ಪ ಒಬ್ಬನೇ ಅತ್ತ. ದಾರಿಯಲ್ಲಿ ಒಮ್ಮೆ ನಿಂತು “ನಿನ್ನ ಉಳದ ಬುದ್ದಿ...” ಅಂತ ಶುರುಮಾಡಿದವನು ಅವ್ವನ ಮುಖ ನೋಡಿ ನುಂಗಿಕೊಂಡ. ಆ ಮಾತನ್ನು ಅವನು ಸಾಯುವವರೆಗೂ ಮುಗಿಸಲಿಲ್ಲ.

ಎರಡು ದಿನ ಪುಟ್ಟತಾಯಮ್ಮನ ಮನೆಯಿಂದ ಅನ್ನ ಬಂತು. ಆಮೇಲೆ ನಾನೇ ಒಲೆ ಹಚ್ಚಿದೆ.  ಸಾರಿಗೆ ಉಪ್ಪು ಹಾಕುವುದು ಮರೆತಿದ್ದೆ. ಅಪ್ಪ ಉಂಡ, ಅವ್ವ ಉಂಡಳು, ನಾನೂ ಉಂಡೆ. ಯಾರೂ ಉಪ್ಪಿಲ್ಲ ಅನ್ನಲಿಲ್ಲ. ನನಗೂ ಗೊತ್ತಾದದ್ದು ರಾತ್ರಿ ಪಾತ್ರೆ ಎತ್ತಿಡುವಾಗ, ಉಪ್ಪಿನ ಭರಣಿಯ ಮುಚ್ಚಳ ತೆಗೆದೇ ಇಲ್ಲ ಅಂತ ಕಂಡಾಗ.

ಮಳೆಗಾಲ ಮುಗಿಯುವ ಮುಂಚೆ ಅವ್ವ ನನ್ನನ್ನು ಕರೆದುಕೊಂಡು ತವರಿಗೆ ಹೋದಳು. ಹುಳ ಗೂಡು ಕಟ್ಟುವ ಮುಂಚಿನ ಕೊನೆಯ ಹಂತದಲ್ಲಿದ್ದವು. ಅವು ಸೊಪ್ಪು ತಿನ್ನುವ ಸದ್ದು ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದ ಹಾಗೆ ಮನೆಯೆಲ್ಲ ತುಂಬಿತ್ತು. ಅವ್ವ ಬಂದ ಗಳಿಗೆಗೇ ಬಟ್ಟೆ ತೆಗೆದುಕೊಂಡು ಬುಟ್ಟಿಯ ಮುಂದೆ ಕೂತಳು. ತಾತ ಎದುರಿಗೆ, ನಾನು ಪಕ್ಕಕ್ಕೆ. ಅರ್ಧ ಬುಟ್ಟಿ ಒರೆಸಿದ ಮೇಲೆ ಅವಳು ಕೇಳಿದಳು.

“ಅಪ್ಪಾ, ಉಳಕ್ಕ ದಾಹ ಆಗಲ್ವಾ?”

“ಉಳಕ್ಕೆಂತ ದಾಹ ಮಗ? ಸೊಪ್ಪಲ್ಲಿರ ನೀರೇ ಅದ್ಕ ಸಾಕಾಯ್ತದ.”

“ಮನ್ಸರಿಗ?”

ತಾತನಿಗೆ ಮಗು ಹೋದದ್ದು ಗೊತ್ತಿತ್ತು. ಹೇಗೆ ಹೋಯಿತು ಅಂತ ಅವ್ವ ಹೇಳಿರಲಿಲ್ಲ. ಅವನು ನಕ್ಕ.

“ಅದ್ಯಾಕಂಗ್ ಕೇಳೀ? ಮನ್ಸ ಏನ್ ಉಳವಾ?”

ಅವ್ವ ಮಿಕ್ಕ ಅರ್ಧ ಬುಟ್ಟಿಯನ್ನೂ ಒರೆಸಿ ಮುಗಿಸಿದಳು. ಒಂದು ಎಲೆಯನ್ನೂ ಬಿಡಲಿಲ್ಲ.

ಅಲ್ಲಿಂದ ಬಂದ ಮೇಲೆ ನಮ್ಮ ಕೋಣೆ ನೀರಿನಿಂದ ತುಂಬಿತು. ಮಡಕೆ, ಕೊಡ, ಚೊಂಬು, ಅಪ್ಪನ ಊಟದ ಡಬ್ಬಿ ಕೂಡ. ಮಲಗುವಾಗ ನನ್ನ ತಲೆಯ ಹತ್ತಿರ ಒಂದು ಚೊಂಬು. ಸಾಲಿನಲ್ಲಿ ಯಾವ ಮನೆಯ ಮಗು ಅತ್ತರೂ ಅವ್ವ ಲೋಟ ಹಿಡಿದು ಹೋಗುತ್ತಿದ್ದಳು. ಮಾದೇವನ ಹೆಸರು ಮಾತ್ರ ಎತ್ತಲಿಲ್ಲ. ಲೆಕ್ಕ ಹೇಳುವಾಗ “ಇರದು ಒಂದು, ಓದವು ಮೂರು” ಅನ್ನುತ್ತಿದ್ದಳು. ಲಂಗದ ವಿಷಯ ನಾನು ಅವಳಿಗೆ ಹೇಳಲಿಲ್ಲ. ಅವಳು ಹೋಗಿ ಎಷ್ಟೋ ವರ್ಷವಾಯಿತು. ಯಾರಿಗೂ ಹೇಳಿಲ್ಲ, ಈ ನೋಟ್‌ಬುಕ್ಕಿಗೆ ಬಿಟ್ಟರೆ.

ಅವ್ವನ ನೀರು ನನ್ನ ಕೈಗೂ ಬಂತು. ನಂಜುಂಡನನ್ನು ಹಾಗೇ ಬೆಳೆಸಿದೆ, ಗಟ್ಟಿಮುಟ್ಟಾದ. ಈಗ ಗೂಡ್ಸ್ ಆಟೋ ಓಡಿಸುತ್ತಾನೆ. ಮಾರ್ಟಳ್ಳಿಯಿಂದ ಸೆಲ್ವಿಯನ್ನು ತಂದುಕೊಂಡೆವು. ಅವಳು ಬಟ್ಟೆ ಹೊಲಿಯುವ ಫ್ಯಾಕ್ಟರಿಗೆ ಹೋಗುತ್ತಾಳೆ, ಗೌರಿಯನ್ನು ನನ್ನ ಕೈಗೆ ಕೊಟ್ಟು. ಹೋದ ಮಳೆಗಾಲದಲ್ಲಿ ನಮ್ಮ ಬೀದಿಯ ಪೈಪು ಒಡೆದು ಗಲೀಜು ಸೇರಿ ಗೌರಿಗೆ ಭೇದಿ ಹಿಡಿದಾಗ ನಾನು ಹೆದರಲಿಲ್ಲ. ಈ ಸಲ ನನಗೆ ಗೊತ್ತಿತ್ತು. ಕಾಯಿಸಿ ಆರಿಸಿದ ನೀರು, ಅಂಗಡಿಯ ಓಆರ್‌ಎಸ್ ಪುಡಿ, ಎಳನೀರು. ಹತ್ತು ನಿಮಿಷಕ್ಕೊಮ್ಮೆ ಕುಡಿಸಿದೆ. ಭೇದಿ ನಿಂತಿತು. ನಿಂತ ಮೇಲೂ ಕುಡಿಸಿದೆ. ಬಾಯಿ ತೆರೆದರೆ ನೀರು, ಅತ್ತರೆ ನೀರು. ಹೊಟ್ಟೆ ನೀರಿನಲ್ಲೇ ತುಂಬಿ ಅವಳು ಅನ್ನಕ್ಕೆ ಬಾಯಿ ತೆರೆಯದಾದಳು. ಮತ್ತೆ ಜ್ವರ, ಮತ್ತೆ ಭೇದಿ, ಕೆಮ್ಮು. ಒಂದು ದಿನ ಸ್ನಾನ ಮಾಡಿಸುವಾಗ ಅವಳ ತೋಳು ನನ್ನ ಎರಡು ಬೆರಳ ಉಂಗುರದಲ್ಲಿ ಸೇರಿತು. ಎತ್ತಿಕೊಂಡು ಅಂಗನವಾಡಿಗೆ ಓಡಿದೆ. ಟೀಚರಮ್ಮ ತೋಳಿಗೆ ಬಣ್ಣದ ಪಟ್ಟಿ ಸುತ್ತಿ ನೋಡಿದರು. ಅದು ಕೆಂಪು ತೋರಿಸಿತು.

“ಏನ್ ಕೊಡ್ತಿದ್ರಿ ಸಿದ್ದಮ್ನೋರೆ?”

“ನೀರು ತಪ್ಸಿಲ್ಲ ಟೀಚರಮ್ಮ. ಒಂದ್ ಗಳ್ಗೆನೂ ತಪ್ಸಿಲ್ಲ.”

ಹೇಳುತ್ತಿದ್ದ ಹಾಗೇ ನನಗೆ ಆ ದನಿ ಗುರುತು ಸಿಕ್ಕಿತು. ಎಲ್ಲವನ್ನೂ ಸರಿಯಾಗಿ ಮಾಡಿದವಳ ದನಿ. ಅವ್ವನದು.

“ನೀರು ಸರಿ. ಅನ್ನ? ನೀರೊಂದ್ರಲ್ಲೇ ಕೂಸು ಬೆಳ್ದದಾ ಅಜ್ಜಿ?”

ಹದಿನಾಲ್ಕು ದಿನ ಆಸ್ಪತ್ರೆಯ ವಾರ್ಡಿನಲ್ಲಿ ಇಬ್ಬರೂ ಇದ್ದೆವು. ಎರಡು ಗಂಟೆಗೊಮ್ಮೆ ಅಳೆದು ಕೊಡುವ ಹಾಲು, ಆಮೇಲೆ ಎಣ್ಣೆ ಹಾಕಿದ ಗಂಜಿ, ಆಮೇಲೆ ಮೊಟ್ಟೆ. ಮೊದಲ ದಿನಗಳಲ್ಲಿ ಚಮಚ ನೋಡಿದರೇ ತಲೆ ತಿರುಗಿಸುತ್ತಿದ್ದಳು. ಅವಳು ತಲೆ ತಿರುಗಿಸಿದಾಗಲೆಲ್ಲ ನನ್ನ ಕೈ ತಾನಾಗಿ ನೀರಿನ ಲೋಟಕ್ಕೆ ಹೋಗುತ್ತಿತ್ತು. ಆ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಿದ್ದೆ. ಒಂಬತ್ತನೇ ದಿನ ಅವಳು ಪಕ್ಕದ ಮಂಚದ ಮಗುವಿನ ಕೈಯಿಂದ ಮೊಟ್ಟೆ ಕಿತ್ತುಕೊಂಡಳು. ಆ ಮಗುವಿನ ಅಮ್ಮ ಬೈದಳು. ನಾನು ನಿಂತುಕೊಂಡು ಕೇಳಿಸಿಕೊಂಡೆ.

ಇಷ್ಟು ಬರೆಯುವಷ್ಟರಲ್ಲಿ ಸಂಜೆಯಾಯಿತು. ನಂಜುಂಡ ಕೋಳಿ ತಂದ, ಸೆಲ್ವಿ ಫ್ಯಾಕ್ಟರಿಯಿಂದ ಬಂದವಳು ಚೀಲ ಇಡುವುದಕ್ಕೂ ಮುಂಚೆ ಕಾರ್ಡು ಕೇಳಿ ತೆಗೆದುಕೊಂಡು, ಬಲ್ಬಿನ ಕೆಳಗೆ ಹಿಡಿದು ಆ ಚುಕ್ಕೆಯನ್ನೇ ನೋಡಿದಳು. ನಾನು ಸಾರು ಮಾಡಿ ಇಟ್ಟು ಕಟ್ಟಿದೆ. ನಾಲ್ಕೂ ಜನ ಸುತ್ತ ಕೂತೆವು. ಗೌರಿಗೂ ಅವಳದೇ ತಟ್ಟೆ, ಅವಳದೇ ಸ್ಟೀಲ್ ಲೋಟ. ಮೊದಲು ಅವಳಿಗೆ ಬಡಿಸಿದೆ. ನಮ್ಮ ಮನೆಯಲ್ಲಿ ಈಗ ಅದೇ ಸಾಲು, ಚಿಕ್ಕವರಿಂದ ಶುರು. ನಂಜುಂಡ ಒಂದು ತುತ್ತು ನುಂಗಿ ತಲೆಯೆತ್ತಿದ.

“ಅವ್ವೋ! ಉಪ್ಪೇ ಆಕಿಲ್ವಲ್ಲಾ!”

“ಅಯ್ಯೋ ಸಾಮಿ, ಮೊಮ್ಮಗ್ಳು ಅಸ್ರಿಗೆ ಬಂದ್ಲು ಅಂತ ಅತ್ತೆ ಉಪ್ಪ ಊರಿಗೆಲ್ಲ ಅಂಚ್ಬುಟ್ಟವ್ರೆ,” ಅಂದಳು ಸೆಲ್ವಿ.

“ಬೆಳಿಗ್ಗಿಂದ ಎಷ್ಟ್ ಜನಕ್ಕ ಏಳ್ದೆ ಅವ್ವ? ಆಟೋ ಸ್ಟ್ಯಾಂಡಲ್ಲಿ ನನ್ಗೇ ಬಂದ್ ಏಳ್ತಾವ್ರೆ, ನಿನ್ ಮಗ್ಳು ಅಸ್ರಂತಲ್ಲ ಅಂತ!”

ಮೂವರೂ ನಕ್ಕರು. ಗೌರಿ ಯಾಕೆಂದು ತಿಳಿಯದೆ ಎಲ್ಲರಿಗಿಂತ ಜೋರಾಗಿ ನಕ್ಕಳು. ಉಪ್ಪಿಲ್ಲ ಅಂತ ಕೂಗುವ ಮನೆ. ನಾನು ಉಪ್ಪಿನ ಡಬ್ಬಿಯನ್ನು ನಂಜುಂಡನ ಕಡೆ ತಳ್ಳಿ, ಅವರು ನಗುವುದನ್ನು ನೋಡುತ್ತಾ, ನನ್ನ ತಟ್ಟೆಯ ಇಟ್ಟನ್ನು ಮುರಿಯಲು ಬೆರಳು ಒತ್ತಿದೆ. ಚುರ್ ಅಂತ ಸುಟ್ಟಿತು. ಎಷ್ಟು ವರ್ಷದಿಂದ ಇಟ್ಟು ಕಟ್ಟಿದ ಕೈ, ಇದೇ ಇಟ್ಟನ್ನು ಆಗ ತಾನೇ ಕಟ್ಟಿದ ಕೈ.

“ಅಬ್ಬಾ! ಸುಡ್ತದಲ್ಲಾ!”

“ಬಿಸಿ ಇಟ್ಟು ಸುಡ್ದೆ ಇನ್ನೇನತ್ತೆ?” ಅಂದ ಸೆಲ್ವಿ ನನ್ನ ಮುಖ ನೋಡಿದಳು. “ಯಾಕತ್ತೆ, ಕಣ್ಣಲ್ಲಿ ನೀರು? ಅಷ್ಟೊಂದು ಸುಟ್ಟೋಯ್ತಾ?”

ನಾನು ಹೌದು ಅಂತ ತಲೆಯಾಡಿಸಿದೆ. ಗೌರಿ ತನ್ನ ತಟ್ಟೆ ಬಿಟ್ಟು ಎದ್ದಳು. ಲೋಟದಲ್ಲಿ ಉಳಿದಿದ್ದ ನೀರನ್ನು ಎರಡೂ ಕೈಯಲ್ಲಿ ಹಿಡಿದು, ನಾಲ್ಕು ಹೆಜ್ಜೆ ತುಳುಕಿಸಿಕೊಂಡು ಬಂದು, ನನ್ನ ಬೆರಳ ಮೇಲೆ ಸುರಿದಳು. ಬೆರಳು, ತಟ್ಟೆ, ಸೀರೆಯ ಅಂಚು, ಎಲ್ಲ ಒದ್ದೆ. ಸೆಲ್ವಿ ತಟ್ಟೆ ಬದಲಿಸಲು ಕೈ ಚಾಚಿದಳು.

“ಇರ್ಲಿ ಬುಡವ್ವ,” ಅಂದೆ. ನೀರು ಬಿದ್ದ ಇಟ್ಟನ್ನೇ ಮುರಿದು, ಸಾರಿಗೆ ಅದ್ದಿ ಉಂಡೆ.